ಆಡಿಟ್ ಪೇಪರ್‌ನ ಟೆಸ್ಟ್ ಸೀರೀಸ್: ಕೆಂಪು ಶಾಯಿಗೆ ಕೊಟ್ಟ ದುಡ್ಡು

ಚಾರ್ಟರ್ಡ್ ಅಕೌಂಟೆಂಟ್ ಕೋರ್ಸಿನ ಎರಡನೇ ಹಂತವಾದ ಸಿಎ ಇಂಟರ್‌ನ ಆಡಿಟಿಂಗ್ ಅಂಡ್ ಎಥಿಕ್ಸ್ ಪೇಪರ್‌ನಲ್ಲಿ ಮೊದಲ ಸಲ ನನಗೆ ಬಂದಿದ್ದು 34. ಪಾಸಾಗಲು 40 ಬೇಕು. ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವಳು. ಸ್ಟಾಕು, ಬಾಕಿ, ಬ್ಯಾಂಕ್ ತಾಳೆ ಎಲ್ಲ ದಿನಾ ನೋಡುವುದೇ. ಜಾಸ್ತಿ ಓದದೆಯೂ ಬರೆಯಬಹುದು ಅಂದುಕೊಂಡಿದ್ದೆ. ಎಡವಿದ್ದೂ ಅಲ್ಲೇ.

ಎರಡನೇ ಸಲಕ್ಕೆ 1,500 ರೂಪಾಯಿ ಕೊಟ್ಟು ಆನ್‌ಲೈನ್ ಟೆಸ್ಟ್ ಸೀರೀಸ್ ಸೇರಿದೆ. (ಹೆಸರು ಬೇಡ, ಕೆಳಗೆ ಬೈಗುಳವೂ ಇದೆ.) ಒಟ್ಟು ನಾಲ್ಕು ಟೆಸ್ಟ್. ಮನೆಯಲ್ಲೇ ಮೂರು ಗಂಟೆ ಕೂತು ಬರೆದು, ಹಾಳೆಗಳ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಬೇಕು. ಅವರು ತಿದ್ದಿ ವಾಪಸ್ ಕಳಿಸುತ್ತಾರೆ.

ಮೊದಲ ಟೆಸ್ಟಿನಲ್ಲೇ ಒಂದು ಪ್ರಶ್ನೆ. ಹಣ ಕೊಡಬೇಕಾದ ಗಿರಾಕಿಗೆ ಬಾಕಿ ಎಷ್ಟು ಎಂದು ಕೇಳಿ ಪತ್ರ ಬರೆಯಲು ಕಂಪನಿಯವರು ಆಡಿಟರ್‌ಗೆ ಬಿಡುತ್ತಿಲ್ಲ. ಈಗೇನು ಮಾಡಬೇಕು? ವರದಿಯಲ್ಲಿ ತಕರಾರು ಹಾಕಬೇಕು ಎಂದು ಅರ್ಧ ಪುಟ ಬರೆದಿದ್ದೆ. ಐದಕ್ಕೆ ಒಂದು ಅಂಕ! ಪಕ್ಕದಲ್ಲಿ ಕೆಂಪು ಶಾಯಿ. ಅದರ ಸಾರ ಇಷ್ಟು: ಎಸ್‌ಎ 505 (ಹೊರಗಿನವರಿಂದ ಬಾಕಿ ಖಚಿತಪಡಿಸಿಕೊಳ್ಳುವ ಬಗೆಗಿನ ಆಡಿಟ್ ಮಾನದಂಡ) ಎಲ್ಲಿ? ಯಾಕೆ ಬೇಡ ಅಂತ ಮೊದಲು ಕೇಳಿ. ಆ ಕಾರಣಕ್ಕೆ ಪುರಾವೆ ನೋಡಿ. ಮೋಸದ ರಿಸ್ಕ್ ಇದೆಯಾ ಯೋಚಿಸಿ. ಬೇರೆ ದಾರಿಯಲ್ಲಿ ಪುರಾವೆ ಹುಡುಕಿ. ವರದಿಯ ಮಾತು ಕೊನೆಗೆ.

ನಮ್ಮ ವಖಾರಿಗೆ ಬರುವ ಆಡಿಟರ್ ಮಾಡುವುದೂ ಹೀಗೇ ಅಲ್ವಾ? ಬಾಕಿ ಪತ್ರ ಬರದಿದ್ದರೆ ಮಾರ್ಚ್ ಆದ ಮೇಲೆ ಹಣ ಜಮೆಯಾಗಿದೆಯಾ ಅಂತ ಪಾಸ್‌ಬುಕ್ ಕೇಳುತ್ತಾರೆ. ತೆಗೆದುಕೊಡುವವಳೇ ನಾನು. ಬರೆಯುವಾಗ ಮಾತ್ರ ಹೊಳೆಯಲಿಲ್ಲ.

ಎರಡನೇ ಟೆಸ್ಟಿನಲ್ಲೂ ಅದೇ ಕೈಬರಹ. ಎಸ್‌ಎ 705 (ವರದಿಯಲ್ಲಿ ತಕರಾರು ಹಾಕುವ ಬಗೆಗಿನ ಮಾನದಂಡ) ಮೇಲಿನ ಪ್ರಶ್ನೆಗೆ 'ಅಡ್ವರ್ಸ್ ಒಪಿನಿಯನ್', ಅಂದರೆ ಲೆಕ್ಕಪತ್ರವೇ ಸರಿಯಿಲ್ಲ ಎಂಬ ಅಭಿಪ್ರಾಯ, ಅಂತ ಸರಿಯಾಗೇ ಬರೆದಿದ್ದೆ. ಆದರೆ ತಪ್ಪು ದೊಡ್ಡದು ಮಾತ್ರವಲ್ಲ, ಇಡೀ ಲೆಕ್ಕಪತ್ರಕ್ಕೇ ಹಬ್ಬಿದೆ ಅಂತ ತೋರಿಸಿರಲಿಲ್ಲ. ಹಬ್ಬದಿದ್ದರೆ ಅದು ಬರೀ 'ಕ್ವಾಲಿಫೈಡ್', ಅಂದರೆ ಅದೊಂದು ಬಿಟ್ಟು ಉಳಿದದ್ದು ಸರಿ ಎಂಬ ಅಭಿಪ್ರಾಯ. ಅಂಕ ಅರ್ಧಕ್ಕೆ ಇಳಿದಿತ್ತು. ತಿದ್ದಿದವರು ಯಾರೋ, ಅವರಿಗೊಂದು ನಮಸ್ಕಾರ.

30 ಅಂಕದ ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆಗಳ) ಭಾಗಕ್ಕಾಗಿ ಇದನ್ನು ಕೊಳ್ಳಬೇಡಿ. ಅವರ ಕೀ ಉತ್ತರವೇ ಒಂದು ಕಡೆ ತಪ್ಪಿತ್ತು. ಆಡಿಟ್ ಫೈಲನ್ನು ಆಡಿಟರ್ ವರದಿಯ ದಿನದಿಂದ ಕನಿಷ್ಠ 7 ವರ್ಷ ಇಡಬೇಕು. ಇವರು ಮಾರ್ಚ್ 31ರಿಂದ ಎಣಿಸಿದ್ದರು. ಮೇಲ್ ಹಾಕಿದರೆ "ಸರಿಪಡಿಸಿದ್ದೇವೆ" ಎಂಬ ಒಂದು ಸಾಲು ಬರಲು ಒಂಬತ್ತು ದಿನ. ಎಂಸಿಕ್ಯೂಗೆ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಮಾಕ್ ಟೆಸ್ಟ್ ಪೇಪರ್ ಮತ್ತು ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್) ಸಾಕು. ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಎರಡನೇ ಸಲ 57 ಬಂತು. ಎರಡೇ ಟೆಸ್ಟಿನ ಪ್ಯಾಕ್ ಸಿಕ್ಕರೆ ಅದನ್ನೇ ತಗೊಳ್ಳಿ. ನನ್ನ ನಾಲ್ಕನೇ ಉತ್ತರ ಪತ್ರಿಕೆ ತಿದ್ದಿ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿತ್ತು.