ಡಿವಿಡಿಗೆ ಬೀಗ ಹಾಕಿಸೋದಾ, ಹಾಗೇ ಮಾರೋದಾ?

ಹಾಸನಾಂಬ ಕಲಾಕ್ಷೇತ್ರದಲ್ಲಿ ಮಕ್ಕಳ ನೃತ್ಯ ಮಾಡಿಸಿ, ಅದರ ಡಿವಿಡಿ ಮಾರುವ ಯೋಚನೆ ಇದೆಯಾ? ಹಾಗಾದರೆ ಕಾಪಿ ಆಗದಂತೆ ಬೀಗ ಹಾಕಿಸಬೇಕಾ ಅನ್ನೋ ಪ್ರಶ್ನೆ ಬಂದೇ ಬರುತ್ತದೆ.

ಸಿನಿಮಾ ಡಿವಿಡಿಗಳಲ್ಲಿರುವ ಬೀಗದ ಹೆಸರು ಸಿಎಸ್‌ಎಸ್. ಅದರ ಕೀಲಿ ಬರೀ 40 ಬಿಟ್, ಅಂದರೆ ತುಂಬಾ ಚಿಕ್ಕದು. 1999ರಲ್ಲೇ ಡಿಸಿಎಸ್‌ಎಸ್ ಅನ್ನೋ ಪುಟ್ಟ ಪ್ರೋಗ್ರಾಂ ಅದನ್ನು ಬಿಚ್ಚಿ ಹಾಕಿತು. ಸುಮ್ನೆ ಫೈಲ್ ಎಳೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವವರನ್ನು ಈ ಬೀಗ ಈಗಲೂ ತಡೆಯುತ್ತದೆ. ಕಾಪಿ ಮಾಡಿ ಮಾರಲು ಹೊರಟವರನ್ನಲ್ಲ.

ಸ್ಟುಡಿಯೋದಲ್ಲಿ ಬರ್ನ್ ಮಾಡುವ ಮಾಮೂಲಿ ಖಾಲಿ ಡಿಸ್ಕಿಗೆ (ಡಿವಿಡಿ-ಆರ್) ಈ ಬೀಗ ಹಾಕಲು ಬರುವುದೇ ಇಲ್ಲ. ಕೀಲಿ ಕೂರಬೇಕಾದ ಜಾಗದಲ್ಲಿ ನಾವು ಏನೂ ಬರೆಯಲಾಗದಂತೆ ಆ ಡಿಸ್ಕನ್ನು ಮಾಡಿರುತ್ತಾರೆ. ಸಿಎಸ್‌ಎಸ್ ಬೇಕೆಂದರೆ ಫ್ಯಾಕ್ಟರಿಯಲ್ಲೇ ಅಚ್ಚು ಹಾಕಿಸಬೇಕು. ನೂರಿನ್ನೂರು ಪ್ರತಿಗೆ ಲೆಕ್ಕ ಕೂಡುವುದಿಲ್ಲ ಅಲ್ವಾ?

ಕಾಪಿ ತಡೆಯಲು ಬೇಕೆಂದೇ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್, ಅಂದರೆ ಓದಲಾಗದ ಜಾಗ, ಸೇರಿಸುವ ಇನ್ನೊಂದು ಉಪಾಯವಿದೆ. ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಕೆಲವು ಪ್ಲೇಯರ್‌ಗಳು ಅಂಥ ಡಿಸ್ಕಿನ ಮುಂದೆ ತಿಣುಕಾಡುತ್ತವೆ. ದುಡ್ಡು ಕೊಟ್ಟು ಕೊಂಡ ಅಜ್ಜಿಗೆ ಮೊಮ್ಮಗಳ ನೃತ್ಯ ಅರ್ಧಕ್ಕೇ ನಿಂತುಹೋಗುತ್ತದೆ. ಕಾಪಿ ಮಾಡಿದವನ ಪ್ರತಿ ಸಲೀಸಾಗಿ ಓಡುತ್ತದೆ. ಇದು ಅನ್ಯಾಯ.

ಬೀಗವಿಲ್ಲದ ಡಿಸ್ಕ್ ಕಾಪಿ ಆಗುತ್ತದೆ, ನಿಜ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಅದಕ್ಕೂ ಇದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಅಪರಾಧ ಅನ್ನುವ 65ಎ ಕಲಂ ಮಾತ್ರ 2012ರ ತಿದ್ದುಪಡಿಯಲ್ಲಿ ಬಂತು.

ಸಣ್ಣ ತಂಡಕ್ಕೆ ನನ್ನ ಆಯ್ಕೆ ಬೀಗವಿಲ್ಲದ್ದೇ. ಬೆಲೆ ಕಡಿಮೆ ಇಡಿ. ಕವರ್ ಮೇಲೆ ಪ್ರತಿ ಮಗುವಿನ ಹೆಸರು, ಫೋಟೊ ಹಾಕಿಸಿ. ಕಾರ್ಯಕ್ರಮ ಮುಗಿದ ವಾರದೊಳಗೇ ಕೈಗೆ ಕೊಡಿ.