ಬೆರಳು ಬೆಚ್ಚಗಿದ್ದರೆ ನಾಲ್ಕು ಸ್ಟಾರ್, ತಣ್ಣಗಿದ್ದರೆ ಒಂದೂವರೆ

ಉಡುಪಿ ಕಲ್ಸಂಕದ ಹತ್ತಿರ ಒಂದು ಮೆಡಿಕಲ್‌ನಲ್ಲಿ ಈ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟೆಂದು ನೋಡುವ ಯಂತ್ರ, ತಗೊಂಡು ಎಂಟು ತಿಂಗಳಾಯಿತು. 1,100 ರೂಪಾಯಿ. ಅಂಗಡಿಯ ಹುಡುಗ ತನ್ನ ಬೆರಳಿಗೇ ಸಿಕ್ಕಿಸಿ ತೋರಿಸಿದ, 98. "ಪಕ್ಕಾ ಉಂಟು ಅಕ್ಕ" ಎಂದ. ಅವನ ಬೆರಳಿಗೆ ಪಕ್ಕಾ, ಒಪ್ಪಿದೆ.

ನನಗಿರುವುದು ಸ್ಕ್ಲೆರೋಡರ್ಮಾ. ಚರ್ಮ ಬಿಗಿಯುವ ಕಾಯಿಲೆ ಅಂತಾರೆ, ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ನನಗೆ ಶ್ವಾಸಕೋಶದ ಬುಡಕ್ಕೂ ಇಳಿದಿದೆ. ಜೊತೆಗೆ ರೇನೋ. ಸ್ವಲ್ಪ ತಂಪು ತಾಗಿದರೂ ರಕ್ತನಾಳ ಮುದುಡಿ ಬೆರಳು ಮೊದಲು ಬಿಳಿ, ಆಮೇಲೆ ನೀಲಿ. ಏಪ್ರಿಲ್ ಸೆಕೆಯಲ್ಲೂ ಫ್ರಿಜ್‌ನಿಂದ ಬಂಗುಡೆ ತೆಗೆದರೆ ಸಾಕು. ಬೆಳಕು ಹಾಯಿಸಿ ರಕ್ತ ನೋಡುವ ಯಂತ್ರ ಇದು. ರಕ್ತವೇ ಸರಿಯಾಗಿ ಬಾರದ ಬೆರಳಲ್ಲಿ ಎಂಥ ನೋಡುವುದು?

ಜುಲೈಯ ಒಂದು ರಾತ್ರಿ. ಜೋರು ಮಳೆ, ಒಣಕೆಮ್ಮು ಬೇರೆ. ಹಾಕಿದರೆ 83. ತೆಗೆದು ಮತ್ತೆ ಹಾಕಿದೆ, 79. ಆಮೇಲೆ ಬರೀ ಎರಡು ಗೆರೆ. ನಮ್ಮವರು ಪಕ್ಕದ ಮನೆಯ ರಿಕ್ಷಾದವರನ್ನು ಎಬ್ಬಿಸಿದರು. ಆಸ್ಪತ್ರೆಯಲ್ಲಿ ಸಿಸ್ಟರ್ ನನ್ನ ಬೆರಳು ಮುಟ್ಟಿ ನೋಡಿದರು, ಸುಮ್ನೆ ಬೇರೊಂದು ಕ್ಲಿಪ್ ತಂದು ಕಿವಿಗೆ ಹಾಕಿದರು. 96! ರಿಕ್ಷಾ ಬಾಡಿಗೆ 400. ಅದನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಿ.

ಈಗ ಮೊದಲು ಬಿಸಿನೀರಿನ ಚೆಂಬು ಹಿಡಿದು ಕೂರುತ್ತೇನೆ. ಬೆರಳು ಕೆಂಪಾದ ಮೇಲೆ ಹಾಕಿ, ಪರದೆಯ ಪುಟ್ಟ ಕಡ್ಡಿ ಒಂದೇ ಲಯದಲ್ಲಿ ಏರಿಳಿಯುವ ತನಕ ಕಾಯುತ್ತೇನೆ. ಅದು ತೋರಿಸುವ ನಾಡಿಯನ್ನು ಕುತ್ತಿಗೆಯಲ್ಲಿ ಎಣಿಸಿದ್ದಕ್ಕೆ ತಾಳೆ ಹಾಕುತ್ತೇನೆ. ತಾಳೆಯಾಗದಿದ್ದರೆ ಆಕ್ಸಿಜನ್ ನಂಬರನ್ನೂ ನಂಬುವುದಿಲ್ಲ. ಏದುಸಿರು ಜಾಸ್ತಿಯಾದ ದಿನ ಮಾತ್ರ ಚೆಂಬು, ಎಣಿಕೆ ಯಾವುದೂ ಇಲ್ಲ, ಸೀದಾ ಆಸ್ಪತ್ರೆ.

97 ಬಂತೆಂದು ಹಿಗ್ಗುವುದೂ ಬೇಡ ಮಾರಾಯ್ರೆ. ಕೂತಲ್ಲಿ ನನಗೆ 97 ಇದ್ದಾಗಲೇ ಡಾಕ್ಟರು ಬೆನ್ನಿಗೆ ಸ್ಟೆತ್ ಇಟ್ಟು, "ಬಿಪಿ ಪಟ್ಟಿಯ ವೆಲ್ಕ್ರೋ ಕಿತ್ತ ಹಾಗೆ ಕೇಳ್ತದೆ" ಎಂದಿದ್ದರು. ಕಾಯಿಲೆ ಸಿಕ್ಕಿದ್ದು ಸಿಟಿ ಸ್ಕ್ಯಾನ್‌ನಲ್ಲಿ, ಊದುವ ಪರೀಕ್ಷೆಯಲ್ಲಿ. ಹಣೆಗೆ ಪ್ರೋಬ್ ಅಂಟಿಸಿ ಆರು ನಿಮಿಷ ನಡೆಸಿದಾಗ 90ಕ್ಕೆ ಇಳಿದಿತ್ತು. ಈಗ ಅದಕ್ಕೆ ಮೈಕೋಫೆನೋಲೇಟ್ ಎಂಬ ಔಷಧಿ ನಡೀತಾ ಇದೆ.

ಬ್ಯಾಟರಿ ಚೆನ್ನಾಗಿ ಬರುತ್ತದೆ. ಬೆರಳು ಬಾಗಿ ಗಟ್ಟಿಯಾದವರಿಗೆ ಒಳಗೆ ತೂರಿಸುವುದೇ ಕಷ್ಟ. ಇದನ್ನೇ ಕಿವಿಗೆ ಸಿಕ್ಕಿಸಲು ಹೋಗಬೇಡಿ, ಅದಕ್ಕೆ ಬೇರೆಯೇ ಪ್ರೋಬ್ ಬರುತ್ತದೆ. ನಮ್ಮವರಿಗಂತೂ ಈ ಯಂತ್ರದ ಮೇಲೆ ಯಾವ ದೂರೂ ಇಲ್ಲ. ದಿನಾ ಕಾಫಿ ಕುಡಿಯುತ್ತಾ ತಮ್ಮ ಬೆರಳಿಗೆ ಹಾಕಿಕೊಂಡು "98" ಎಂದು ಓದಿ ಹೇಳುತ್ತಾರೆ.