ಅಂಟಿಕೊಂಡ ಪ್ರೋಗ್ರಾಂ ತೆಗೆಯಲು ರೇವೋ ಅನ್‌ಇನ್‌ಸ್ಟಾಲರ್: ಉಚಿತ ಆವೃತ್ತಿಯ ವಿಮರ್ಶೆ

ಮಲೆನಾಡಿನ ಕಚೇರಿಗಳಲ್ಲೂ ಅಡಿಕೆ ಮಂಡಿಗಳಲ್ಲೂ ಕಂಪ್ಯೂಟರಿನ ಪ್ರೋಗ್ರಾಂ ಅರ್ಧ ಅಳಿದು ಅರ್ಧ ಉಳಿಯುವುದಕ್ಕೆ ಎಷ್ಟೋ ಸಲ ಮಳೆಗಾಲದ ಕರೆಂಟೇ ಕಾರಣ. ಅನ್‌ಇನ್‌ಸ್ಟಾಲ್ ನಡೆಯುತ್ತಿರುವಾಗಲೇ ವಿದ್ಯುತ್ ಹೋದರೆ, ಪ್ರೋಗ್ರಾಮಿನ ಜೊತೆಗೆ ಬಂದಿದ್ದ ಅಳಿಸುವ ಕಡತ ಮೊದಲೇ ಮಾಯವಾಗಿ, ಹೆಸರು ಮಾತ್ರ ವಿಂಡೋಸಿನ ಪಟ್ಟಿಯಲ್ಲಿ ನಿಂತುಬಿಡಬಹುದು. ತೀರ್ಥಹಳ್ಳಿಯ ಮಂಡಿಯೊಂದರಲ್ಲಿ ಹಳೆಯ ಲೆಕ್ಕದ ತಂತ್ರಾಂಶ ಹೀಗೆ ಉಳಿದುಕೊಂಡು, ಹಳೆಯದನ್ನು ತೆಗೆಯದೆ ಹೊಸ ಆವೃತ್ತಿ ಹಾಕಲು ಬಿಡುತ್ತಿರಲಿಲ್ಲ. ಅಲ್ಲಿ ಬಳಸಿದ್ದು ಬಲ್ಗೇರಿಯಾದ ವಿಎಸ್ ರೇವೋ ಗ್ರೂಪ್ ರೂಪಿಸಿರುವ ರೇವೋ ಅನ್‌ಇನ್‌ಸ್ಟಾಲರ್‌ನ ಉಚಿತ ಆವೃತ್ತಿ.

ಇದು ನೇರವಾಗಿ ಕಡತಗಳಿಗೆ ಕೈ ಹಾಕುವುದಿಲ್ಲ. ಮೊದಲು ಸಿಸ್ಟಂ ರಿಸ್ಟೋರ್ ಪಾಯಿಂಟ್, ಅಂದರೆ ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ಗುರುತು, ಮಾಡಿಕೊಳ್ಳುತ್ತದೆ. ಆದರೆ ವಿಂಡೋಸಿನಲ್ಲಿ ಸಿಸ್ಟಂ ಪ್ರೊಟೆಕ್ಷನ್ ಆಫ್ ಆಗಿದ್ದರೆ ಈ ರಕ್ಷಣೆ ಸಿಗದು, ಹಾಗಾಗಿ ಅದನ್ನು ಮುಂಚೆಯೇ ಆನ್ ಮಾಡಿಟ್ಟುಕೊಳ್ಳಬೇಕು. ನಂತರ ಪ್ರೋಗ್ರಾಮಿನ ಸ್ವಂತ ಅನ್‌ಇನ್‌ಸ್ಟಾಲರನ್ನೇ ಓಡಿಸಿ ನೋಡುತ್ತದೆ. ಅದು ಸೋತರೂ ಅಲ್ಲಿಗೇ ನಿಲ್ಲದೆ ಸೇಫ್, ಮಾಡರೇಟ್, ಅಡ್ವಾನ್ಸ್ಡ್ ಎಂಬ ಮೂರು ಹಂತಗಳಲ್ಲಿ ನಾವು ಆರಿಸಿದ ಹಂತಕ್ಕೆ ತಕ್ಕಂತೆ ಉಳಿಕೆಗಳನ್ನು ಹುಡುಕುತ್ತದೆ. ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾದಂಥ ಮರೆಯಾಗಿರುವ ಫೋಲ್ಡರುಗಳನ್ನೂ ರಿಜಿಸ್ಟ್ರಿಯನ್ನೂ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಮುಗಳ ಸೆಟ್ಟಿಂಗುಗಳನ್ನು ಬರೆದಿಡುವ ಭಂಡಾರ) ಕೈಯಿಂದ ಜಾಲಾಡುವ ಶ್ರಮ ಇದರಿಂದ ತಪ್ಪುತ್ತದೆ. ರಿಜಿಸ್ಟ್ರಿಯ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿರುವವು ಮಾತ್ರ ಅಳಿಯುವಂಥವು. ಉಳಿದವು ದಾರಿ ತೋರಿಸಲಷ್ಟೇ ಇರುತ್ತವೆ. ಸಾಮಾನ್ಯ ಕಚೇರಿಗೆ ಮಾಡರೇಟ್ ಸಾಕು. ಅಡ್ವಾನ್ಸ್ಡ್ ಆರಿಸುವವರಿಗೆ ತೋರಿಸಿದ ಪ್ರತಿಯೊಂದು ಸಾಲನ್ನೂ ಓದಿ ಅರ್ಥ ಮಾಡಿಕೊಳ್ಳುವ ತಿಳಿವಳಿಕೆಯೂ ತಾಳ್ಮೆಯೂ ಇರಬೇಕು.

ನನ್ನ ಆಕ್ಷೇಪ ಇರುವುದು ಉಳಿಕೆ ಕಡತಗಳ ಪಟ್ಟಿಯ ಬಗ್ಗೆ. ಮಂಡಿಯ ಕಂಪ್ಯೂಟರಿನಲ್ಲಿ ಆ ಪಟ್ಟಿಯೊಳಗೆ ಹಳೆಯ ವರ್ಷಗಳ ಲೆಕ್ಕದ ಡೇಟಾ ಫೋಲ್ಡರ್ ಕೂಡ ಸೇರಿತ್ತು, ಏಕೆಂದರೆ ಅದು ಪ್ರೋಗ್ರಾಮಿನ ಫೋಲ್ಡರಿನ ಒಳಗೇ ಇತ್ತು. ಕಸ ಯಾವುದು, ಬೆಳೆಗಾರರ ಖಾತೆ ಯಾವುದು ಎಂದು ತಂತ್ರಾಂಶಕ್ಕೆ ಹೇಗೆ ತಿಳಿಯಬೇಕು? ‘ಸೆಲೆಕ್ಟ್ ಆಲ್’ ಒತ್ತುವ ಮುನ್ನ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡದ್ದರಿಂದ ಹೊಸ ಆವೃತ್ತಿಯಲ್ಲಿ ಲೆಕ್ಕ ಮುಂದುವರಿಸಲು ಸಾಧ್ಯವಾಯಿತು. ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಗಳನ್ನು ತೆಗೆಯುವಾಗಲೂ ಇದೇ ಎಚ್ಚರ ಬೇಕು: ಯೂನಿಕೋಡ್ ಬರುವ ಮೊದಲಿನ ವಿಧಾನದಲ್ಲಿ ಟೈಪಿಸಿದ ಪತ್ರಗಳು ಆ ಫಾಂಟುಗಳು ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಆದ್ದರಿಂದ ಪ್ರೋಗ್ರಾಂ ಹೋದರೂ ಫಾಂಟುಗಳು ಉಳಿಯಬೇಕು.

ವಿಂಡೋಸಿನ ಪಟ್ಟಿಯಿಂದ ಹೆಸರೇ ಅಳಿಸಿಹೋಗಿ ಕಡತಗಳು ಮಾತ್ರ ಉಳಿದಿದ್ದರೆ ಉಚಿತ ರೇವೋ ಹೆಚ್ಚು ನೆರವಾಗದು. ಅದಕ್ಕೆಂದೇ ಇರುವ ಫೋರ್ಸ್ಡ್ ಅನ್‌ಇನ್‌ಸ್ಟಾಲ್ ಸೌಲಭ್ಯ ಹಣ ಕೊಡಬೇಕಾದ ಪ್ರೋ ಆವೃತ್ತಿಯಲ್ಲಿದೆ. ಒಂದೆರಡು ಕಂಪ್ಯೂಟರುಗಳಿಗಾಗಿ ಪ್ರೋ ಕೊಳ್ಳುವ ಬದಲು, ಮುಕ್ತ ತಂತ್ರಾಂಶವಾದ ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರನ್ನು ಪ್ರಯತ್ನಿಸುವುದು ಮೇಲು. ಹೆಸರು ಒರಟಾದರೂ, ನೋಂದಣಿ ಕಳೆದುಕೊಂಡ ಅನಾಥ ಪ್ರೋಗ್ರಾಮುಗಳನ್ನು ಅದು ಹುಡುಕಿ ತೋರಿಸುತ್ತದೆ. ಆದರೆ ಅದರ ಪರದೆಯ ತುಂಬ ಇರುವ ವಿವರಗಳು ಹೊಸಬರನ್ನು ಗಾಬರಿಗೊಳಿಸಬಹುದು.

ಆ್ಯಂಟಿವೈರಸ್‌ಗಳಿಗೆ ಇವೆರಡನ್ನೂ ಬಳಸದಿರುವುದೇ ಒಳ್ಳೆಯದು. ಅವು ತಮ್ಮನ್ನು ಯಾರೂ ತೆಗೆಯದಂತೆ ಕಾವಲಿಟ್ಟುಕೊಂಡಿರುತ್ತವೆ, ಅವುಗಳ ಡ್ರೈವರುಗಳು ವಿಂಡೋಸಿನ ಆಳದಲ್ಲಿ ಕೆಲಸ ಮಾಡುತ್ತಿರುತ್ತವೆ. ಮ್ಯಾಕಫೀ, ನಾರ್ಟನ್, ಅವಾಸ್ಟ್ ಸಂಸ್ಥೆಗಳು ತಮ್ಮ ತಂತ್ರಾಂಶ ತೆಗೆಯಲು ತಾವೇ ಪ್ರತ್ಯೇಕ ಉಪಕರಣಗಳನ್ನು ಉಚಿತವಾಗಿ ಕೊಡುತ್ತವೆ. ಅವಾಸ್ಟಿನದನ್ನು ಸೇಫ್ ಮೋಡಿನಲ್ಲಿ, ಅಂದರೆ ವಿಂಡೋಸ್ ಅತ್ಯಗತ್ಯ ಭಾಗಗಳೊಂದಿಗೆ ಮಾತ್ರ ಶುರುವಾಗುವ ಸ್ಥಿತಿಯಲ್ಲಿ, ಓಡಿಸಬೇಕಾಗುತ್ತದೆ. ಕೆಲಸ ಮುಗಿದು ರೀಸ್ಟಾರ್ಟ್ ಆದ ಮೇಲೆ, ಬೇರೆ ಆ್ಯಂಟಿವೈರಸ್ ಇಲ್ಲದಿದ್ದರೆ, ವಿಂಡೋಸಿನ ಡಿಫೆಂಡರ್ ತಾನಾಗಿಯೇ ಆನ್ ಆಗುತ್ತದೆ.